ಜಾಲಿ ಮುಳ್ಳು ಚುಚ್ಚಿ ಹನ್ನೆರಡು ದಿನ ಆಯಿತು, ಟಿ.ಸಿ. 15,800 ಬಂದಿದೆ. ಬಿಳಿ ರಕ್ತಕಣ ಜಾಸ್ತಿಯಾಗಿದ್ದಕ್ಕೇ ಊತವಾ?

ಹಿರಿಯೂರಿನ ಮಗಳು:

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 63 ವರ್ಷ. ಸಕ್ಕರೆ ಕಾಯಿಲೆ ಬಂದು ಎಂಟು ವರ್ಷ ಆಯಿತು, ಮಾತ್ರೆಯಲ್ಲೇ ಇದ್ದಾರೆ. ಹನ್ನೆರಡು ದಿನದ ಹಿಂದೆ ಹೊಲದ ಬದುವಿನಲ್ಲಿ ಬಳ್ಳಾರಿ ಜಾಲಿ ಕಡಿಯುತ್ತಿದ್ದಾಗ ಮುಳ್ಳು ಚಪ್ಪಲಿಯನ್ನೂ ತೂರಿಕೊಂಡು ಬಲಗಾಲಿನ ಹಿಮ್ಮಡಿಗೆ ಚುಚ್ಚಿತು. ಅಲ್ಲೇ ಕೂತು ಅವರೇ ಎಳೆದು ತೆಗೆದರು. ಮನೆಗೆ ಬಂದು ಅರಿಶಿನ ಹಚ್ಚಿಕೊಂಡು ಸುಮ್ನಾದರು.

ಮೂರನೇ ದಿನಕ್ಕೆ ಹಿಮ್ಮಡಿ ಕೆಂಪಾಗಿ ಊದಿತು. ಊರಿನ ಕ್ಲಿನಿಕ್‌ನಲ್ಲಿ ಟಿ.ಟಿ. ಇಂಜೆಕ್ಷನ್ ಹಾಕಿ ಐದು ದಿನಕ್ಕೆ ಆಂಟಿಬಯೋಟಿಕ್ ಕೊಟ್ಟರು. ಸ್ವಲ್ಪ ಇಳಿಯಿತು. ಮಾತ್ರೆ ಮುಗಿದ ಎರಡೇ ದಿನಕ್ಕೆ ಮತ್ತೆ ಊದಿಕೊಂಡಿದೆ. ಕೈ ಇಟ್ಟರೆ ಸುಡುತ್ತದೆ. ಅಪ್ಪ ಮಾತ್ರ "ನೋವೇನೂ ಇಲ್ಲ ಬಿಡು" ಅನ್ನುತ್ತಾರೆ.

ನಿನ್ನೆ ರಕ್ತ ಪರೀಕ್ಷೆ ಮಾಡಿಸಿದೆವು. ಟಿ.ಸಿ. 15,800, ನ್ಯೂಟ್ರೋಫಿಲ್ 84, ಲಿಂಫೋಸೈಟ್ 11. ಖಾಲಿ ಹೊಟ್ಟೆಯ ಸಕ್ಕರೆ 212. ದೊಡ್ಡಪ್ಪ ರಿಪೋರ್ಟ್ ನೋಡಿ "ರಕ್ತ ಕೆಟ್ಟಿದೆ, ಬಿಳಿ ಕಣ ಇಳಿಸೋ ಔಷಧಿ ಕೊಡಿಸು" ಅಂದರು. ಫೋನಿನಲ್ಲಿ ಹುಡುಕಿದರೆ ರಕ್ತದ ಕ್ಯಾನ್ಸರ್ ಅಂತ ಬಂತು. ರಾತ್ರಿಯೆಲ್ಲ ನಿದ್ದೆ ಇಲ್ಲ.

ಬಿಳಿ ಕಣ ಜಾಸ್ತಿಯಾಗಿದ್ದಕ್ಕೆ ಊತ ಬಂತಾ? ಅಥವಾ ಊತ ಬಂದಿದ್ದಕ್ಕೆ ಬಿಳಿ ಕಣ ಜಾಸ್ತಿಯಾಯಿತಾ? ಮುಳ್ಳು ತೆಗೆದಾಗಿದೆಯಲ್ಲ, ಇನ್ನೂ ಯಾಕೆ ಹೀಗೆ? ಗೊತ್ತಿದ್ದವರು ದಯವಿಟ್ಟು ಹೇಳಿ.

ಸ್ಲೈಡ್ ಅಕ್ಕ, ದಾವಣಗೆರೆ:

ಮೊದಲು ಕಾಲಿನ ವಿಷಯ. ನಾಳೆ ಬೆಳಗ್ಗೆಯೇ ಅಪ್ಪನನ್ನು ಸರ್ಜನ್ ಹತ್ತಿರ ಕರೆದುಕೊಂಡು ಹೋಗಿ. ಸಕ್ಕರೆ ಇರುವವರ ಕಾಲು ಊದಿ, ಸುಡುತ್ತಿದ್ದೂ ನೋವಿಲ್ಲ ಅಂದರೆ ಅದು ಸಮಾಧಾನದ ಮಾತಲ್ಲ. ಪಾದದ ನರಗಳು ಮಂದವಾಗಿರಬಹುದು. ರಾತ್ರಿಯೊಳಗೆ ಚಳಿಜ್ವರ ಬಂದರೆ, ಕೆಂಪು ಗೆರೆ ಮೇಲಕ್ಕೆ ಏರಿದರೆ, ಚರ್ಮ ಕಪ್ಪಾದರೆ ಬೆಳಗಿನ ತನಕವೂ ಕಾಯಬೇಡಿ.

ನಾನು ಡಾಕ್ಟರ್ ಅಲ್ಲ. 22 ವರ್ಷದಿಂದ ಲ್ಯಾಬ್‌ನಲ್ಲಿ ರಕ್ತದ ಸ್ಲೈಡ್ ನೋಡುವುದು ನನ್ನ ಕೆಲಸ. ನಿಮ್ಮ ಪ್ರಶ್ನೆ ಬಹಳ ಒಳ್ಳೆಯದು. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಟಿ.ಸಿ. ಅಂದರೆ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಎಷ್ಟು ಬಿಳಿ ಕಣ ಇವೆ ಅನ್ನುವ ಎಣಿಕೆ. ದೊಡ್ಡವರಲ್ಲಿ ಸಾಮಾನ್ಯವಾಗಿ 4,000ದಿಂದ 11,000. ಡಿ.ಸಿ. ಅಂದರೆ ಅದರಲ್ಲಿ ಯಾವ ಜಾತಿಯ ಕಣ ನೂರಕ್ಕೆ ಎಷ್ಟು ಅಂತ. ನ್ಯೂಟ್ರೋಫಿಲ್, ಲಿಂಫೋಸೈಟ್ ಎಲ್ಲ ಬಿಳಿ ಕಣದ ಜಾತಿಗಳೇ. ಈಗ ಮಷೀನು ಎಣಿಸುತ್ತದೆ. ಆದರೂ ಲೆಕ್ಕ ಹೆಚ್ಚುಕಮ್ಮಿ ಬಂದರೆ ನಾವು ಸ್ಲೈಡ್ ಮಾಡಿಯೇ ನೋಡುತ್ತೇವೆ. ಒಂದು ಹನಿ ರಕ್ತವನ್ನು ಗಾಜಿನ ಮೇಲೆ ತೆಳ್ಳಗೆ ಎಳೆದು, ಒಣಗಿಸಿ, ಲೀಶ್ಮನ್ ಬಣ್ಣ ಹಾಕಿ, ತೊಳೆದು, ಎಣ್ಣೆಯ ಹನಿ ಬಿಟ್ಟು ದೊಡ್ಡ ಲೆನ್ಸಿನಲ್ಲಿ ನೋಡುವುದು. ಕೆಂಪು ಕಣಗಳು ಹರಡಿದ ಅವಲಕ್ಕಿಯ ಹಾಗೆ ತುಂಬಿರುತ್ತವೆ. ನಡುವೆ ಅಲ್ಲೊಂದು ಇಲ್ಲೊಂದು ನ್ಯೂಟ್ರೋಫಿಲ್. ಕೆಂಪು ಕಣಕ್ಕಿಂತ ಹೆಚ್ಚುಕಮ್ಮಿ ಎರಡರಷ್ಟು ಅಗಲ. ಒಳಗೆ ನೇರಳೆ ಬಣ್ಣದ ಮೂರು ನಾಲ್ಕು ಮಣಿಗಳನ್ನು ತೆಳು ದಾರದಲ್ಲಿ ಪೋಣಿಸಿಟ್ಟ ಹಾಗೆ ಕಾಣುತ್ತದೆ. ಅದು ಅದರ ನ್ಯೂಕ್ಲಿಯಸ್. ಆ ಆಕಾರಕ್ಕೂ ಕಾರಣ ಇದೆ. ಗುಂಡಗಿನ ಗಟ್ಟಿ ನ್ಯೂಕ್ಲಿಯಸ್ ಇದ್ದರೆ ಇಕ್ಕಟ್ಟಿನ ಸಂದಿಯಲ್ಲಿ ನುಸುಳುವುದು ಕಷ್ಟ. ತುಂಡು ತುಂಡಾಗಿದ್ದರೆ ಸಲೀಸು. ನ್ಯೂಟ್ರೋಫಿಲ್ ಹುಟ್ಟಿರುವುದೇ ನುಸುಳುವುದಕ್ಕೆ.

ಈಗ ನಿಮ್ಮಪ್ಪನ ಹಿಮ್ಮಡಿಯಲ್ಲಿ ನಡೆದದ್ದು. ಮುಳ್ಳು ಒಳಗೆ ಹೋಯಿತು, ಅದರ ತುದಿಯಲ್ಲಿ ಮಣ್ಣಿನ ರೋಗಾಣುಗಳೂ ಹೋದವು. ಚರ್ಮದ ಕೆಳಗೆ ಮೊದಲಿಂದಲೇ ಕಾವಲಿಗಿರುವ ಕಣಗಳಿವೆ: ಮಾಸ್ಟ್ ಕಣ, ಮ್ಯಾಕ್ರೋಫೇಜ್. ಕೂಗು ಹಾಕುವುದು ಅವು. ಮಾಸ್ಟ್ ಕಣ ಹಿಸ್ಟಮೀನ್ ಅನ್ನುವ ರಾಸಾಯನಿಕ ಬಿಡುತ್ತದೆ. ಅಲ್ಲಿನ ರಕ್ತನಾಳ ಹಿಗ್ಗುತ್ತದೆ. ರಕ್ತ ಜಾಸ್ತಿ ಬರುತ್ತದೆ, ಅದಕ್ಕೇ ಕೆಂಪು, ಅದಕ್ಕೇ ಬಿಸಿ. ನಾಳದ ಗೋಡೆ ಸಡಿಲವಾಗಿ ನೀರಿನಂಶ ಹೊರಗೆ ಸೋರುತ್ತದೆ, ಅದಕ್ಕೇ ಊತ. ಪ್ರೊಸ್ಟಗ್ಲಾಂಡಿನ್, ಬ್ರಾಡಿಕೈನಿನ್ ಅನ್ನುವ ವಸ್ತುಗಳು ನರವನ್ನು ಕೆಣಕುತ್ತವೆ, ಅದಕ್ಕೇ ನೋವು. ಕೆಂಪು, ಊತ, ಬಿಸಿ, ನೋವು, ಈ ನಾಲ್ಕನ್ನೂ ಒಟ್ಟಿಗೆ ಹೆಸರಿಸಿ ರೋಮಿನ ಸೆಲ್ಸಸ್ ಒಂದನೇ ಶತಮಾನದಲ್ಲೇ ಬರೆದಿಟ್ಟಿದ್ದ. ಉರಿಯೂತ ಅಂದರೆ ಇದೇ.

ಕೂಗು ಕೇಳಿ ಬರುವವರಲ್ಲಿ ನ್ಯೂಟ್ರೋಫಿಲ್ ಮೊದಲು. ಕೆಲವೇ ಗಂಟೆಯಲ್ಲಿ ಬಂದಿಳಿಯುತ್ತದೆ. ಬರುವ ರೀತಿ ನೋಡಬೇಕು. ಗಾಯದ ಹತ್ತಿರದ ಸಣ್ಣ ನಾಳದ ಒಳಗೋಡೆ ಅಂಟಂಟಾಗುತ್ತದೆ. ಭದ್ರಾ ನಾಲೆಯಲ್ಲಿ ತೇಲಿ ಬರುವ ಎಲೆ ದಡದ ಹುಲ್ಲಿಗೆ ತಾಗಿ, ಬಿಟ್ಟು, ಮುಂದೆ ಹೋಗಿ, ಮತ್ತೆ ತಾಗಿ, ಕೊನೆಗೆ ನಿಲ್ಲುತ್ತದಲ್ಲ, ಹಾಗೆ ನ್ಯೂಟ್ರೋಫಿಲ್ ಗೋಡೆಯ ಮೇಲೆ ಉರುಳುತ್ತಾ ಉರುಳುತ್ತಾ ನಿಲ್ಲುತ್ತದೆ. ನಿಂತ ಮೇಲೆ ಚಪ್ಪಟೆಯಾಗಿ, ಗೋಡೆಯ ಎರಡು ಕಣಗಳ ಸಂದಿಯಲ್ಲಿ ಕಾಲು ತೂರಿಸಿ ಹೊರಗೆ ಜಾರುತ್ತದೆ. 1867ರಲ್ಲಿ ಜರ್ಮನಿಯ ಕೋನ್‌ಹೈಮ್ ಬದುಕಿರುವ ಕಪ್ಪೆಯ ತೆಳು ಪೊರೆಯಲ್ಲಿ ಇದನ್ನು ಸೂಕ್ಷ್ಮದರ್ಶಕದ ಕೆಳಗೆ ಕಣ್ಣಾರೆ ಕಂಡ. ಕೀವಿನ ಕಣಗಳು ರಕ್ತದಿಂದಲೇ ಬಂದವು ಅಂತ ತೋರಿಸಿದ್ದು ಅವನು.

ಹೊರಗೆ ಬಂದ ನ್ಯೂಟ್ರೋಫಿಲ್ ವಾಸನೆ ಹಿಡಿದ ಹಾಗೆ ರೋಗಾಣು ಇರುವ ಕಡೆಗೆ ತೆವಳುತ್ತದೆ, ನುಂಗುತ್ತದೆ, ಒಳಗೇ ಕೊಲ್ಲುತ್ತದೆ. ತನ್ನ ಡಿ.ಎನ್.ಎ.ಯನ್ನೇ ಬಲೆಯಂತೆ ಹೊರಗೆಸೆದು ರೋಗಾಣುವನ್ನು ಸಿಕ್ಕಿಸುವುದೂ ಉಂಟು, ಇದು ಗೊತ್ತಾಗಿದ್ದು 2004ರಲ್ಲಿ. ಕೆಲಸ ಮುಗಿಸಿ ಅಲ್ಲೇ ಸಾಯುತ್ತದೆ. ಕೀವು ಅಂದರೆ ಬಹುಪಾಲು ಹೀಗೆ ಸತ್ತ ನ್ಯೂಟ್ರೋಫಿಲ್‌ಗಳು. ಕೀವಿಗೆ ಕೆಲವು ಸಲ ಬರುವ ಹಸಿರು ಛಾಯೆ ಅವುಗಳ ಒಳಗಿನ ಒಂದು ಕಿಣ್ವದ ಬಣ್ಣ. ನೆಗಡಿಯಲ್ಲಿ ಕಫ ಹಸಿರಾಗುವುದೂ ಇದರಿಂದಲೇ. ಹಸಿರು ಕಂಡ ತಕ್ಷಣ ಆಂಟಿಬಯೋಟಿಕ್ ಬೇಕು ಅಂತ ಕೇಳಬೇಡಿ ಎಂದು ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ.

ಈಗ 15,800ಕ್ಕೆ ಬರೋಣ. ನ್ಯೂಟ್ರೋಫಿಲ್ ಹುಟ್ಟುವುದು ಮೂಳೆಯ ಮಜ್ಜೆಯಲ್ಲಿ, ದಿನಕ್ಕೆ ಸುಮಾರು ಹತ್ತು ಸಾವಿರ ಕೋಟಿ. ಹೊರಗೆ ಓಡಾಡುವುದಕ್ಕಿಂತ ಎಷ್ಟೋ ಪಟ್ಟು ಅಲ್ಲೇ ದಾಸ್ತಾನು ಇರುತ್ತದೆ. ಗಾಯದಿಂದ ಸುದ್ದಿ ಹೋದರೆ ಮಜ್ಜೆ ದಾಸ್ತಾನು ಬಿಡುತ್ತದೆ, ಹೊಸದನ್ನೂ ಜೋರಾಗಿ ಮಾಡುತ್ತದೆ. ಜಾಸ್ತಿ ಅವಸರವಾದರೆ ಬಲಿಯದ ಕಣಗಳೂ ಹೊರಗೆ ಬರುತ್ತವೆ. ಅವುಗಳ ನ್ಯೂಕ್ಲಿಯಸ್ ಇನ್ನೂ ಮಣಿಯಾಗಿ ಒಡೆದಿರುವುದಿಲ್ಲ, ಕುದುರೆ ಲಾಳದ ಹಾಗೆ ಬಾಗಿರುತ್ತದೆ. ನಾವು ಬ್ಯಾಂಡ್ ಅನ್ನುತ್ತೇವೆ. ಸ್ಲೈಡಿನಲ್ಲಿ ಲಾಳಗಳು ಸಾಲಾಗಿ ಕಂಡರೆ ನಾನು ಆ ರಿಪೋರ್ಟನ್ನು ಪಕ್ಕಕ್ಕಿಟ್ಟು ಡಾಕ್ಟರಿಗೆ ಫೋನ್ ಮಾಡುತ್ತೇನೆ.

ಅಂದರೆ ಊತ ಶುರು ಮಾಡಿದ್ದು ಟಿ.ಸಿ. ಅಲ್ಲ. ಗಾಯ ಕರೆಯಿತು, ಬಿಳಿ ಕಣ ಬಂದವು. ಬಂದ ಮೇಲೆ ಅವೂ ಮತ್ತಷ್ಟು ಕಣಗಳನ್ನು ಕರೆಯುತ್ತವೆ, ಆಗ ಊತ ಬೆಳೆಯುತ್ತದೆ. ನಿಮ್ಮ ಎರಡೂ ಮಾತು ನಿಜ, ಆದರೆ ಮೊದಲ ಕೂಗು ಗಾಯದ್ದು.

ಇನ್ನೊಂದು ವಿಷಯ. ರಿಪೋರ್ಟಿನ ಸಂಖ್ಯೆ ರಸ್ತೆಯಲ್ಲಿ ಓಡಾಡುವವರ ಲೆಕ್ಕ ಮಾತ್ರ. ಹಿಮ್ಮಡಿಯೊಳಗೆ ಇಳಿದು ಕೆಲಸ ಮಾಡುತ್ತಿರುವವರು ಅದರಲ್ಲಿ ಇಲ್ಲ. ನಾಳದ ಗೋಡೆಗೆ ಒರಗಿ ನಿಂತವರೂ ಇಲ್ಲ, ಅವರೇ ಅರ್ಧದಷ್ಟು ಇರುತ್ತಾರೆ. ಸ್ಟೀರಾಯ್ಡ್ ತಗೊಂಡರೆ ಹೀಗೆ ಒರಗಿದವರಲ್ಲಿ ಬಹಳ ಜನ ಗೋಡೆ ಬಿಟ್ಟು ಹರಿವಿಗೆ ಬರುತ್ತಾರೆ. ಸೋಂಕು ಇಲ್ಲದೆಯೂ ಟಿ.ಸಿ. ಏರುತ್ತದೆ. ಹಾಗಾಗಿ ಸಂಖ್ಯೆಯನ್ನು ಕಾಲಿನ ಜೊತೆ ಇಟ್ಟೇ ಓದಬೇಕು. ಅಪ್ಪನಿಗೆ ಯಾರಾದರೂ ಊತಕ್ಕೆ ಅಂತ ಸ್ಟೀರಾಯ್ಡ್ ಕೊಟ್ಟಿದ್ದಾರಾ? ಸರ್ಜನ್‌ಗೆ ಅದನ್ನೂ ಹೇಳಿ.

ಕ್ಯಾನ್ಸರ್ ಭಯ ಈಗ ಬಿಡಿ. ಊದಿ ಸುಡುವ ಕಾಲಿದೆ, ನ್ಯೂಟ್ರೋಫಿಲ್ 84 ಇದೆ. ನನಗೆ ಇದು ದಿನಾ ಕಾಣುವ ಚಿತ್ರ. ಕಾಲು ವಾಸಿಯಾದ ಮೇಲೆ ಇನ್ನೊಮ್ಮೆ ಎಣಿಸಿದರೆ ನಿಮಗೂ ಧೈರ್ಯ ಬರುತ್ತದೆ. ದೊಡ್ಡಪ್ಪನಿಗೆ ಹೇಳಿ, ಇಳಿಸಬೇಕಾಗಿದ್ದು ಬಿಳಿ ಕಣವನ್ನಲ್ಲ, ಸಕ್ಕರೆಯನ್ನು. ಸಕ್ಕರೆ 200 ದಾಟಿದ ರಕ್ತದಲ್ಲಿ ನ್ಯೂಟ್ರೋಫಿಲ್ ಎಷ್ಟೇ ಇರಲಿ, ತೆವಳುವುದೂ ನಿಧಾನ, ನುಂಗುವುದೂ ನಿಧಾನ.

ಮುಳ್ಳು ತೆಗೆದಿದ್ದಾರೆ ಅಂದಿರಿ. ಪೂರ್ತಿ ಬಂದಿತ್ತಾ? ತುದಿ ನೋಡಿದ್ದರಾ? ಅಪ್ಪನನ್ನು ಕೇಳಿ ಬರೆಯಿರಿ.

ಹಿರಿಯೂರಿನ ಮಗಳು:

ಅಕ್ಕಾ, ಎರಡು ಸಲ ಓದಿದೆ. ಅಪ್ಪನಿಗೂ ಓದಿ ಹೇಳಿದೆ. ಸ್ಟೀರಾಯ್ಡ್ ಏನೂ ಕೊಟ್ಟಿಲ್ಲ. ಮುಳ್ಳಿನ ವಿಷಯ ಕೇಳಿದ್ದಕ್ಕೆ "ಎಳೆದೆ, ಬಂತು, ಬಿಸಾಕಿದೆ, ತುದಿ ಯಾರು ನೋಡ್ತಾರೆ" ಅಂದರು. ನಾಳೆ ಚಿತ್ರದುರ್ಗಕ್ಕೆ ಹೊರಡುತ್ತಿದ್ದೇವೆ.

ಸ್ಲೈಡ್ ಅಕ್ಕ, ದಾವಣಗೆರೆ:

ಹಾಗಾದರೆ ಸರ್ಜನ್‌ಗೆ ಇದನ್ನೇ ಮೊದಲು ಹೇಳಿ. ತುಂಡು ಒಳಗೆ ಉಳಿದಿರಬಹುದು. ಮುಳ್ಳು ಮರದ ಜಾತಿ, ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ. ಅಲ್ಟ್ರಾಸೌಂಡ್‌ನಲ್ಲಿ ಸಾಮಾನ್ಯವಾಗಿ ಸಿಗುತ್ತದೆ.

ಮಾತ್ರೆ ಮುಗಿದ ಕೂಡಲೇ ಮತ್ತೆ ಊದಿದ್ದಕ್ಕೆ ಇದು ಕಾರಣ ಇರಬಹುದು. ನ್ಯೂಟ್ರೋಫಿಲ್ ನಂತರ ಒಂದೆರಡು ದಿನದಲ್ಲಿ ಮೋನೋಸೈಟ್ ಅನ್ನುವ ಇನ್ನೊಂದು ಜಾತಿಯ ಬಿಳಿ ಕಣಗಳು ರಕ್ತದಿಂದ ಇಳಿದು ಮ್ಯಾಕ್ರೋಫೇಜ್ ಆಗುತ್ತವೆ. ಸತ್ತ ನ್ಯೂಟ್ರೋಫಿಲ್‌ಗಳನ್ನು ನುಂಗಿ ಜಾಗ ಚೊಕ್ಕಟ ಮಾಡುತ್ತವೆ, ಇನ್ನು ಸಾಕು ಅನ್ನುವ ಸಂಕೇತ ಕಳಿಸುತ್ತವೆ, ಮಾಯುವ ಕೆಲಸ ಶುರುವಾಗುತ್ತದೆ. ಆದರೆ ಮುಳ್ಳಿನ ತುಂಡು ಒಳಗೇ ಇದ್ದರೆ? ಕಣದ ಅಳತೆ ಮಿಲಿಮೀಟರಿನ ನೂರರಲ್ಲಿ ಒಂದೆರಡು ಪಾಲು. ತುಂಡು ಐದಾರು ಮಿಲಿಮೀಟರ್ ಅಂತ ಇಟ್ಟುಕೊಳ್ಳಿ. ನುಂಗುವುದು ಸಾಧ್ಯವಿಲ್ಲ, ಕರಗಿಸುವುದೂ ಸಾಧ್ಯವಿಲ್ಲ. ಆಗ ಹಲವು ಮ್ಯಾಕ್ರೋಫೇಜ್‌ಗಳು ಒಂದಕ್ಕೊಂದು ಬೆಸೆದು ಒಂದೇ ದೈತ್ಯ ಕಣವಾಗಿ ಮುಳ್ಳನ್ನು ಸುತ್ತುವರಿಯುತ್ತವೆ. ಬಿಟ್ಟು ಹೋಗುವುದಿಲ್ಲ. ಅಲ್ಲಿ ಅಂಟಿ ಕೂತ ರೋಗಾಣುವಿಗೆ ಮಾತ್ರೆಯೂ ಸರಿಯಾಗಿ ತಲುಪುವುದಿಲ್ಲ. ಊತ ಮುಗಿಯುವುದೇ ಇಲ್ಲ. ಅದರ ಜೊತೆಗೆ ನ್ಯೂಟ್ರೋಫಿಲ್ ಬಿಡುವ ರಾಸಾಯನಿಕ ಸುತ್ತಲಿನ ನಮ್ಮದೇ ಮಾಂಸವನ್ನೂ ಸುಡುತ್ತಿರುತ್ತದೆ.

ಬಿಳಿ ಕಣದ ಈ ಕೆಲಸ ಮೊದಲು ಬೆಳಕಿಗೆ ಬಂದದ್ದೂ ಮುಳ್ಳಿನಿಂದಲೇ ಗೊತ್ತಾ? 1882ರಲ್ಲಿ ಸಿಸಿಲಿಯ ಮೆಸ್ಸಿನಾದಲ್ಲಿ ಮೆಚ್ನಿಕೋಫ್ ಅನ್ನುವ ರಷ್ಯದ ವಿಜ್ಞಾನಿ ಇದ್ದ. ಮನೆಯವರೆಲ್ಲ ಸರ್ಕಸ್ ನೋಡಲು ಹೋಗಿದ್ದರು. ಅವನು ಒಬ್ಬನೇ ಕೂತು ನಕ್ಷತ್ರ ಮೀನಿನ ಮರಿಗಳನ್ನು ನೋಡುತ್ತಿದ್ದ. ಅವು ಗಾಜಿನಂತೆ ಪಾರದರ್ಶಕ, ಒಳಗೆ ಓಡಾಡುವ ಕಣಗಳು ಕಾಣುತ್ತವೆ. ಹೊರಗಿನದೇನಾದರೂ ಚುಚ್ಚಿದರೆ ಈ ಕಣಗಳು ಅಲ್ಲಿಗೆ ಹೋಗಬೇಕಲ್ಲ ಅಂತ ಅವನಿಗೆ ಹೊಳೆಯಿತು. ತೋಟದಿಂದ ಗುಲಾಬಿ ಮುಳ್ಳು ತಂದು ಚುಚ್ಚಿದ. ರಾತ್ರಿ ನಿದ್ದೆ ಬರಲಿಲ್ಲವಂತೆ. ಬೆಳಗ್ಗೆ ಎದ್ದು ನೋಡಿದರೆ ಮುಳ್ಳಿನ ಸುತ್ತ ಕಣಗಳು ಮುತ್ತಿಕೊಂಡಿದ್ದವು. 1908ರಲ್ಲಿ ಅವನಿಗೆ ನೊಬೆಲ್ ಬಂತು, ಪಾಲ್ ಎರ್ಲಿಕ್ ಜೊತೆಗೆ. ಈ ಕಥೆ ನನಗೆ ತುಂಬಾ ಇಷ್ಟ. ಲ್ಯಾಬಿಗೆ ಬರುವ ಟ್ರೈನಿ ಹುಡುಗಿಯರಿಗೆ ಮೊದಲ ದಿನವೇ ಹೇಳುತ್ತೇನೆ.

ಅಮ್ಮನ ಹಿರಿ ಮಗ:

ಬಿಳಿ ಕಣ ಇಳಿಸಬೇಕು ಅನ್ನುವ ಮಾತು ಓದಿ ಬರೆಯುತ್ತಿದ್ದೇನೆ. ಕಳೆದ ವರ್ಷ ಅಮ್ಮನಿಗೆ ಬೆಂಗಳೂರಿನಲ್ಲಿ ಕೀಮೋ ಆಯಿತು. ಎರಡನೇ ಸುತ್ತಾಗಿ ಹತ್ತನೇ ದಿನ 101 ಡಿಗ್ರಿ ಜ್ವರ. ರಾತ್ರಿ ಹನ್ನೊಂದಕ್ಕೆ ಆಸ್ಪತ್ರೆಗೆ ಓಡಿದೆವು. ಟಿ.ಸಿ. 900, ಅದರಲ್ಲಿ ನ್ಯೂಟ್ರೋಫಿಲ್ ನೂರಕ್ಕೆ 20. ಅಂದರೆ 180. ಸೂಜಿ ಹಾಕಿದ್ದ ಕೈಯಲ್ಲಿ ಸೋಂಕು ಶುರುವಾಗಿತ್ತು ಅಂತ ಆಮೇಲೆ ಗೊತ್ತಾಯಿತು. ಆದರೆ ಆ ಜಾಗ ನೋಡಿದರೆ ಏನೂ ಇಲ್ಲ. ಕೆಂಪು ಇಲ್ಲವೇ ಇಲ್ಲ ಅನ್ನಬಹುದು, ಊತ ಇಲ್ಲ, ಕೀವು ಇಲ್ಲ. ನಾನು "ಕೈ ಚೆನ್ನಾಗಿದೆಯಲ್ಲ" ಅಂದೆ. ಡ್ಯೂಟಿ ಡಾಕ್ಟರ್ ಹೇಳಿದರು, "ಕೆಂಪಗೆ ಮಾಡೋಕೆ, ಕೀವು ಮಾಡೋಕೆ ಇವರ ಹತ್ತಿರ ಕಣಗಳೇ ಇಲ್ಲ. ಜ್ವರ ಒಂದೇ ನಮಗೆ ಸಿಗೋ ಸುಳಿವು." ಒಂದು ಗಂಟೆಯೊಳಗೆ ಆಂಟಿಬಯೋಟಿಕ್ ಡ್ರಿಪ್ ಹಾಕಿದರು. ಮಜ್ಜೆಯಲ್ಲಿ ನ್ಯೂಟ್ರೋಫಿಲ್ ಹೆಚ್ಚಿಸುವ ಇಂಜೆಕ್ಷನ್ ಐದು ದಿನ ಕೊಟ್ಟರು. ಸೊಂಟದ ಮೂಳೆಯೆಲ್ಲ ನೋಯುತ್ತದೆ ಅಂತ ಅಮ್ಮ ಒದ್ದಾಡಿದರು. ಆರನೇ ದಿನ ಟಿ.ಸಿ. 4,200 ಬಂತು. ಅದೇ ದಿನ ಕೈಯ ಆ ಜಾಗ ಕೆಂಪಾಯಿತು! ನಾವು ಗಾಬರಿಯಾದೆವು, ನರ್ಸ್ ಖುಷಿಪಟ್ಟರು. ಈಗ ಅಮ್ಮ ಚೆನ್ನಾಗಿದ್ದಾರೆ.

ಸ್ಲೈಡ್ ಅಕ್ಕ, ದಾವಣಗೆರೆ:

ಆ ಕೆಂಪು ನೋಡಿ ನನಗೂ ಖುಷಿಯಾಗುತ್ತಿತ್ತು. ಅಮ್ಮನಿಗೆ ನನ್ನ ನಮಸ್ಕಾರ ಹೇಳಿ.

ಇದರ ಪಕ್ಕದಲ್ಲೇ ಇಡಬೇಕಾದ ಇನ್ನೊಂದು ಅಪರೂಪದ ಕಾಯಿಲೆ ಇದೆ. ಹುಟ್ಟಿನಿಂದಲೇ ಬರುವಂಥದ್ದು. ಆ ಮಕ್ಕಳ ರಕ್ತದಲ್ಲಿ ಬಿಳಿ ಕಣ ವಿಪರೀತ ಜಾಸ್ತಿ ಇರುತ್ತವೆ. ಆದರೆ ನಾಳದ ಗೋಡೆಗೆ ಅಂಟಿ ನಿಲ್ಲುವ ಕೊಂಡಿ ಅವಕ್ಕಿಲ್ಲ. ಎಲೆ ತೇಲುತ್ತಲೇ ಹೋಗುತ್ತದೆ, ದಡಕ್ಕೆ ನಿಲ್ಲುವುದಿಲ್ಲ. ರಕ್ತದಲ್ಲಿ ಅಷ್ಟು ಕಣ ಇದ್ದರೂ ಗಾಯದಲ್ಲಿ ಕೀವಿಲ್ಲ, ಹೊಕ್ಕುಳಬಳ್ಳಿ ವಾರಗಟ್ಟಲೆ ಉದುರುವುದಿಲ್ಲ. ಅಮ್ಮನಲ್ಲಿ ಕಣ ಇರಲಿಲ್ಲ. ಈ ಮಕ್ಕಳಲ್ಲಿ ಕಣ ಇದ್ದೂ ಹೊರಗೆ ಬರಲಾಗದು. ಎರಡರಲ್ಲೂ ಸೋಂಕಿಗೆ ತಡೆಯೇ ಇಲ್ಲ.

ಶಿರಸಿ ತೋಟಿಗ:

ನನ್ನದು ಬೇರೆ ಅನುಭವ. ಸೋಂಕು ಇಲ್ಲ, ಮುಳ್ಳು ಇಲ್ಲ, ಆದರೂ ಊತ. ಮೂರು ವರ್ಷದ ಹಿಂದೆ ನಡುರಾತ್ರಿ ಎಡಗಾಲಿನ ಹೆಬ್ಬೆರಳು ಕೆಂಡ ಇಟ್ಟ ಹಾಗಾಯಿತು. ಹೊದಿಕೆ ತಾಗಿದರೂ ಜೀವ ಹೋಗುತ್ತಿತ್ತು. ಯೂರಿಕ್ ಆಮ್ಲ ಜಾಸ್ತಿಯಾಗಿ ಗೌಟ್ ಅಂತ ಆಯಿತು. ಡಾಕ್ಟರ್ ಕೊಟ್ಟ ಮಾತ್ರೆಯ ಹೆಸರು ಕಾಲ್ಚಿಸಿನ್. ಅದು ನಮ್ಮ ಬೇಲಿಯ ಮೇಲೆ ಮಳೆಗಾಲದಲ್ಲಿ ಹಬ್ಬುವ ಅಗ್ನಿಶಿಖೆಯಲ್ಲೂ ಇದೆ ಎಂದು ಕೇಳಿ ಆಶ್ಚರ್ಯವಾಯಿತು. ಇಲ್ಲೂ ಬಿಳಿ ಕಣದ್ದೇ ಕೆಲಸವಾ ಅಕ್ಕ?

ಸ್ಲೈಡ್ ಅಕ್ಕ, ದಾವಣಗೆರೆ:

ಹೌದು, ಇಲ್ಲೂ ಅವೇ. ಯೂರಿಕ್ ಆಮ್ಲ ಕೀಲಿನಲ್ಲಿ ಸೂಜಿಯಂತೆ ಹರಳುಗಟ್ಟುತ್ತದೆ. ಕಾವಲಿನ ಮ್ಯಾಕ್ರೋಫೇಜ್ ಅದನ್ನು ನುಂಗಿ, ಅಪಾಯ ಅಂತ ಕೂಗುತ್ತದೆ. ನ್ಯೂಟ್ರೋಫಿಲ್‌ಗಳು ದಂಡಾಗಿ ಬರುತ್ತವೆ. ಕೊಲ್ಲಲು ಅಲ್ಲಿ ಜೀವ ಇರುವ ಶತ್ರುವೇ ಇಲ್ಲ. ಆದರೂ ಆಯುಧ ಬಿಡುತ್ತವೆ. ಕೀಲಿನ ನೀರು ತೆಗೆದು ಪೋಲರೈಸ್ಡ್ ಬೆಳಕಿನಲ್ಲಿ ನೋಡಿದಾಗ, ನ್ಯೂಟ್ರೋಫಿಲ್ ಹೊಟ್ಟೆಯನ್ನು ಆ ಕಡೆಯಿಂದ ಈ ಕಡೆಗೆ ತಿವಿದಿರುವ ಹೊಳೆಯುವ ಸೂಜಿಯನ್ನು ನಾನು ನೋಡಿದ್ದೇನೆ. ಎಷ್ಟು ಸಲ ನೋಡಿದರೂ ಮನಸ್ಸು ಚುರುಕ್ ಅನ್ನುತ್ತದೆ.

ಕಾಲ್ಚಿಸಿನ್ ಮಾಡುವುದು ಏನೆಂದರೆ, ನ್ಯೂಟ್ರೋಫಿಲ್ ಒಳಗಿನ ಸಣ್ಣ ಕೊಳವೆಗಳ ಚೌಕಟ್ಟು ಕಟ್ಟಿಕೊಳ್ಳದಂತೆ ತಡೆಯುತ್ತದೆ. ತೆವಳುವ ಶಕ್ತಿ ಕುಗ್ಗುತ್ತದೆ, ಕೀಲಿಗೆ ಬರುವ ದಂಡು ಕಮ್ಮಿಯಾಗುತ್ತದೆ. ಯೂರಿಕ್ ಆಮ್ಲ ಇಳಿಸುವ ಮಾತ್ರೆಯೇ ಬೇರೆ. ಒಂದು ಮಾತು ಜೋರಾಗಿ ಹೇಳುತ್ತೇನೆ: ಅಗ್ನಿಶಿಖೆಯ ಗೆಡ್ಡೆಯನ್ನು ಯಾರೂ ಮುಟ್ಟಬೇಡಿ. ಅದು ಕೊಲ್ಲುವ ವಿಷ. ಮಾತ್ರೆಯಲ್ಲಿ ಇರುವುದು ಅರ್ಧ ಮಿಲಿಗ್ರಾಂ ಅಷ್ಟೇ, ಅದನ್ನೂ ಡಾಕ್ಟರ್ ಹೇಳಿದಷ್ಟೇ ತಗೊಳ್ಳಬೇಕು.

ಹಿರಿಯೂರಿನ ಮಗಳು:

ಅಕ್ಕಾ, ಎಲ್ಲರಿಗೂ ಸುದ್ದಿ ಹೇಳಬೇಕಿತ್ತು, ಈಗ ಪುರುಸೊತ್ತು ಸಿಕ್ಕಿತು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ನೀವು ಹೇಳಿದ್ದನ್ನು ನೆನೆಸಿಕೊಂಡು "ಮುಳ್ಳಿನ ತುದಿ ನೋಡಿಲ್ಲ ಸಾರ್" ಅಂದೆ. ಸ್ಕ್ಯಾನ್ ಮಾಡಿಸಿದರು. ಹಿಮ್ಮಡಿಯಲ್ಲಿ ಬಿಳಿ ಗೆರೆಯಂತೆ ಕಂಡಿತು, ಸುತ್ತ ಕಪ್ಪಗೆ ಕೀವಿನ ಗೂಡು. ಜಾಗ ಮರಗಟ್ಟಿಸಿ ಕೊಯ್ದು ತೆಗೆದರು. ಸುಮಾರು ಮೂರು ಚಮಚದಷ್ಟು ಕೀವು ಬಂತು, ಜೊತೆಗೆ ಮುಳ್ಳಿನ ತುಂಡು. ಅಳೆದರೆ 7 ಮಿಲಿಮೀಟರ್. ಯಾವ ರೋಗಾಣು ಅಂತ ಬೆಳೆಸಿ ನೋಡಲು ಕೀವನ್ನು ಕಲ್ಚರ್‌ಗೆ ಕಳಿಸಿದರು, ಅದರ ಪ್ರಕಾರ ಮಾತ್ರೆ ಬದಲಾಯಿಸಿದರು. ಈಗ ಬೆಳಗ್ಗೆ ಸಂಜೆ ಇನ್ಸುಲಿನ್ ಶುರುವಾಗಿದೆ.

ಇವತ್ತಿಗೆ ಒಂಬತ್ತನೇ ದಿನ. ಟಿ.ಸಿ. 9,100. ನ್ಯೂಟ್ರೋಫಿಲ್ 66. ಖಾಲಿ ಹೊಟ್ಟೆಯ ಸಕ್ಕರೆ 138. ಗಾಯ ಇನ್ನೂ ತೆರೆದೇ ಇದೆ, ತಳದಿಂದ ಕೆಂಪಗೆ ಕಾಳುಕಾಳಾಗಿ ತುಂಬಿಕೊಳ್ಳುತ್ತಿದೆ. ಡ್ರೆಸ್ಸಿಂಗ್ ಮಾಡುವ ಸಿಸ್ಟರ್ ಅದು ಒಳ್ಳೆಯ ಕೆಂಪು ಅಂದರು. ದೊಡ್ಡಪ್ಪ ಎರಡೂ ರಿಪೋರ್ಟ್ ಪಕ್ಕಪಕ್ಕ ಇಟ್ಟುಕೊಂಡು ಬೆರಳಿಟ್ಟು ಓದಿದರು. ಅಪ್ಪ ಮುಳ್ಳಿನ ತುಂಡನ್ನು ಬೆಂಕಿಪೊಟ್ಟಣದಲ್ಲಿ ಹಾಕಿ ದೇವರ ಗೂಡಿನ ಪಕ್ಕ ಇಟ್ಟಿದ್ದಾರೆ. ನೋಡಲು ಬಂದವರಿಗೆಲ್ಲ ತೆಗೆದು ತೋರಿಸುತ್ತಾರೆ, ಗಟ್ಟಿ ತಳದ ಬೂಟು ಹಾಕಿಕೊಂಡೇ ಜಾಲಿ ಕಡೀರಿ ಅನ್ನುತ್ತಾರೆ. ಅವರಿಗೂ ಒಂದು ಜೊತೆ ಬೂಟು ತಂದಿದ್ದೇನೆ. ಗಾಯ ಮುಚ್ಚುವ ತನಕ ಹೊಲಕ್ಕೆ ಬಿಡುವುದಿಲ್ಲ.